ಮನೆಗೆ ಒಂದು ಸಾದಾ ನೆಟ್‌ವರ್ಕ್ ಸ್ವಿಚ್: 5 ಪೋರ್ಟ್ ಸಾಕಾ, 8 ತಗೋಬೇಕಾ?

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ರೌಟರ್‌ನ ನಾಲ್ಕು ಲ್ಯಾನ್ ಪೋರ್ಟ್‌ಗಳೂ ತುಂಬಿ ಹೋಗಿವೆ. ಟಿವಿಗೆ ಒಂದು, ಮಹಡಿ ಮೇಲಿನ ವೈಫೈ ಆಕ್ಸೆಸ್ ಪಾಯಿಂಟ್‌ಗೆ ಒಂದು, ಪ್ರಿಂಟರ್‌ಗೆ ಒಂದು. ನಾಲ್ಕನೆಯದು ಗೋಡೆಯೊಳಗಿಂದ ಓದುವ ಕೋಣೆಗೆ ಹೋಗುತ್ತದೆ. ಮನೆ ಕಟ್ಟುವಾಗ ಎಳೆಸಿದ್ದ ಕೇಬಲ್ ಅದು. ಆ ಕೋಣೆಗೆ ಅದೊಂದೇ. ಈಗ ಅದಕ್ಕೆ ನನ್ನ ಆಫೀಸ್ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡಿದ್ದೇನೆ.

ಅದೇ ಕೋಣೆಯಲ್ಲಿ ಮಗನ ಗೇಮಿಂಗ್ ಪಿಸಿ ಇದೆ. ವೈಫೈಯಲ್ಲಿ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) ಒಂದೇ ಸಮ ಇರುವುದಿಲ್ಲ, ನನಗೂ ತಂತಿ ಕೊಡು ಅಂತ ದಿನಾ ಪೀಡಿಸುತ್ತಾನೆ. ಫೋಟೋ, ವಿಡಿಯೊ ಇಡಲು ಹೊಸದಾಗಿ ಒಂದು ನಾಸ್ (ನೆಟ್‌ವರ್ಕ್‌ಗೆ ಸೇರಿಸುವ ಸ್ಟೋರೇಜ್ ಡಬ್ಬಿ) ತಂದಿದ್ದೇವೆ. ಅದನ್ನೂ ಅಲ್ಲೇ ಇಡಬೇಕು. ನಮ್ಮ ಯಜಮಾನರು ಮಾತ್ರ "ವೈಫೈ ಇರುವಾಗ ಇನ್ನೊಂದು ಡಬ್ಬಿ ಯಾಕೆ" ಅಂತಾರೆ.

ಒಂದು ಕೇಬಲ್ಲಿಗೆ ಹಲವು ಸಾಧನ ಸೇರಿಸಲು ಸ್ವಿಚ್ ಬೇಕು ಅನ್ನುವಷ್ಟು ಗೊತ್ತಾಯಿತು. ಆದರೆ ಹುಡುಕಲು ಕೂತರೆ ತಲೆ ಕೆಟ್ಟು ಹೋಗುತ್ತದೆ. ಮ್ಯಾನೇಜ್ಡ್, ಅನ್‌ಮ್ಯಾನೇಜ್ಡ್, ಸ್ಮಾರ್ಟ್, ಪಿಒಇ... ನಮ್ಮ ಇಂಟರ್ನೆಟ್ ಪ್ಲಾನ್ ಇರುವುದೇ 100 ಎಂಬಿಪಿಎಸ್. ಅಷ್ಟಕ್ಕೆ 100ರ ಸ್ವಿಚ್ ಸಾಲದಾ? ಇನ್ನೊಂದು ವಿಷಯ. ನಿಧಾನದ ಸಾಧನ ಒಂದೇ ಒಂದು ಇದ್ದರೂ ಸ್ವಿಚ್ ಪೂರ್ತಿ ಆ ವೇಗಕ್ಕೆ ಇಳಿಯುತ್ತದೆ ಅಂತ ಯಾರೋ ಹೇಳಿದರು. ನಿಜಾನಾ? ಅಟ್ಟದಲ್ಲಿ 'ಹಬ್' ಅಂತ ಬರೆದಿರುವ ಹಳೇ ಡಬ್ಬಿಯೂ ಇದೆ, ಅದೇ ನಡೆಯುತ್ತಾ?

ಎಂಟುತಂತಿ:

ಮೇಡಂ, ಮನೆ, ಆಫೀಸುಗಳಿಗೆ ಕೇಬಲ್ ಹಾಕುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹಬ್ ಅಟ್ಟದಲ್ಲೇ ಇರಲಿ. ಯಾರ ಡೇಟಾ ಯಾರಿಗೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಒಂದು ಪೋರ್ಟಿಗೆ ಬಂದದ್ದನ್ನು ಉಳಿದ ಎಲ್ಲಾ ಪೋರ್ಟಿಗೂ ಕಳಿಸುತ್ತದೆ. ಒಂದು ಕಂಪ್ಯೂಟರ್ ಕಳಿಸುತ್ತಿರುವಾಗ ಉಳಿದವು ಕಾಯಬೇಕು. ಇರುವ ವೇಗವನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಸ್ವಿಚ್ ಹಾಗಲ್ಲ. ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಇದೆ ಅಂತ ತಾನೇ ನೋಡಿ ನೋಡಿ ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಆ ಡೇಟಾ ಆ ಪೋರ್ಟಿಗೆ ಮಾತ್ರ.

ಒಬ್ಬರು ನಿಧಾನ ಆದರೆ ಎಲ್ಲರೂ ನಿಧಾನ ಅನ್ನುವುದು ಆ ಹಬ್ ಕಾಲದ ಮಾತು, ಇನ್ನೂ ಓಡಾಡುತ್ತಿದೆ. ಸ್ವಿಚ್‌ನಲ್ಲಿ ಪ್ರತಿ ಪೋರ್ಟ್ ತನ್ನ ಎದುರಿನ ಸಾಧನದ ಜೊತೆ ಬೇರೆಯಾಗಿ ವೇಗ ಒಪ್ಪಿಕೊಳ್ಳುತ್ತದೆ. ಟಿವಿ 100ರಲ್ಲಿ, ಪಕ್ಕದ ಪೋರ್ಟಿನ ಪಿಸಿ 1000ದಲ್ಲಿ, ಯಾರಿಗೂ ಯಾರ ತೊಂದರೆಯೂ ಇಲ್ಲ. ಅಂದಹಾಗೆ ಎಷ್ಟೋ ಸ್ಮಾರ್ಟ್ ಟಿವಿಗಳಿಗೆ ಇವತ್ತಿಗೂ 100ರ ಪೋರ್ಟೇ ಕೊಡುತ್ತಾರೆ. 4ಕೆ ಸಿನಿಮಾ ನೋಡಲು 25 ಎಂಬಿಪಿಎಸ್ ಆಸುಪಾಸು ಸಾಕಾಗುವುದರಿಂದ ಅದು ಯಾರಿಗೂ ಗೊತ್ತೇ ಆಗುವುದಿಲ್ಲ.

ಇಂಟರ್ನೆಟ್ 100 ಇದೆ, ಸ್ವಿಚ್ಚೂ 100 ಸಾಕಲ್ವಾ ಅಂತ ಕೇಳಿದಿರಿ. ನಾಸ್ ಇಲ್ಲದಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. ನಾಸ್‌ಗೂ ಪಿಸಿಗೂ ನಡುವೆ ಓಡುವ ಡೇಟಾ ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ಮನೆಯೊಳಗೇ ಓಡುತ್ತದೆ, ಅಲ್ಲಿ ಪ್ಲಾನ್ ಲೆಕ್ಕಕ್ಕಿಲ್ಲ. ಎಂಬಿಪಿಎಸ್ ಲೆಕ್ಕ ಬಿಟ್‌ನಲ್ಲಿ, ಫೈಲಿನ ಎಂಬಿ ಲೆಕ್ಕ ಬೈಟ್‌ನಲ್ಲಿ, ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾಗಿ 100ರ ಸ್ವಿಚ್ಚಿನಲ್ಲಿ ಫೈಲ್ ಕಾಪಿ ಸೆಕೆಂಡಿಗೆ 11-12 ಎಂಬಿ ದಾಟುವುದಿಲ್ಲ. ಗಿಗಾಬಿಟ್‌ನಲ್ಲಿ, ಅಂದರೆ 1000ದ ಸ್ವಿಚ್ಚಿನಲ್ಲಿ, 110 ಎಂಬಿ ಆಸುಪಾಸು. 50 ಜಿಬಿ ಫೋಟೋ ಫೋಲ್ಡರ್ ಹಾಕಿದರೆ ಮೊದಲನೆಯದರಲ್ಲಿ ಒಂದು ಗಂಟೆ ದಾಟುತ್ತದೆ, ಎರಡನೆಯದರಲ್ಲಿ ಎಂಟು ನಿಮಿಷದೊಳಗೆ ಮುಗಿಯುತ್ತದೆ. ಆದ್ದರಿಂದ ಗಿಗಾಬಿಟ್ಟೇ ತಗೊಳ್ಳಿ.

ತಗೊಳ್ಳುವಾಗ ಒಂದು ಅಕ್ಷರದ ಮೇಲೆ ಕಣ್ಣಿರಲಿ. ಟಿಪಿ-ಲಿಂಕ್‌ನಲ್ಲಿ ಟಿಎಲ್-ಎಸ್‌ಎಫ್1005ಡಿ ಅಂದರೆ 100ರದ್ದು, ಟಿಎಲ್-ಎಸ್‌ಜಿ1005ಡಿ ಅಂದರೆ ಗಿಗಾಬಿಟ್. ಎಲ್‌ಎಸ್1005 ಅಂದರೆ 100, ಕೊನೆಗೆ ಜಿ ಸೇರಿ ಎಲ್‌ಎಸ್1005ಜಿ ಆದರೆ ಗಿಗಾಬಿಟ್. ಡಿ-ಲಿಂಕ್‌ನಲ್ಲಿ ಡಿಇಎಸ್ ಮತ್ತು ಡಿಜಿಎಸ್, ನೆಟ್‌ಗಿಯರ್‌ನಲ್ಲಿ ಎಫ್‌ಎಸ್ ಮತ್ತು ಜಿಎಸ್. ಜಿ ಇದ್ದದ್ದು ನಿಮ್ಮದು. ಮುಂದಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಡಬ್ಬಿ ಮೇಲೆ 'ಫಾಸ್ಟ್ ಈಥರ್ನೆಟ್' ಅಂತ ಬರೆದಿದ್ದರೆ ಅದು 100ರದ್ದು. ಆ ಮಾನಕ ಬಂದದ್ದು 1995ರಲ್ಲಿ, ಆಗ ಅದು ನಿಜಕ್ಕೂ ಫಾಸ್ಟೇ ಆಗಿತ್ತು.

ಪೋರ್ಟ್ ಎಷ್ಟು ಬೇಕು ಅನ್ನುವ ಲೆಕ್ಕದಲ್ಲಿ ಎಲ್ಲರೂ ಒಂದು ಮರೆಯುತ್ತಾರೆ. ಗೋಡೆಯಿಂದ ಬರುವ ಕೇಬಲ್ಲೂ ಒಂದು ಪೋರ್ಟ್ ತಿನ್ನುತ್ತದೆ. ನಿಮ್ಮ ಕೋಣೆಯಲ್ಲಿ ಗೋಡೆ ಕೇಬಲ್, ಲ್ಯಾಪ್‌ಟಾಪ್, ಪಿಸಿ, ನಾಸ್. ಅಲ್ಲಿಗೆ ನಾಲ್ಕು ಆಯಿತು. 5 ಪೋರ್ಟಿನದ್ದರಲ್ಲಿ ಉಳಿಯುವುದು ಒಂದು. ಪ್ರಿಂಟರನ್ನೂ ಆ ಕೋಣೆಗೆ ತಂದರೆ ಅದೂ ಮುಗಿಯಿತು. 8 ತಗೊಳ್ಳಿ. ಸ್ವಿಚ್ಚಿಗೆ ಇನ್ನೊಂದು ಸ್ವಿಚ್ ಸೇರಿಸಿದರೂ ನಡೆಯುತ್ತದೆ, ಆದರೆ ಇನ್ನೊಂದು ಅಡಾಪ್ಟರ್, ಇನ್ನೊಂದು ಪ್ಲಗ್ ಪಾಯಿಂಟ್, ಇನ್ನೊಂದು ತಂತಿ ಗೋಜಲು.

ಸ್ವಿಚ್ ಇಡಬೇಕಾದದ್ದು ಓದುವ ಕೋಣೆಯಲ್ಲಿ, ರೌಟರ್ ಪಕ್ಕದಲ್ಲಲ್ಲ. ಆಗ ಪಿಸಿಯಿಂದ ನಾಸ್‌ಗೆ ಎಷ್ಟೇ ಕಾಪಿ ಮಾಡಿದರೂ ಡೇಟಾ ಆ ಸ್ವಿಚ್ಚಿನೊಳಗೇ ತಿರುಗುತ್ತದೆ, ಗೋಡೆ ಕೇಬಲ್ಲಿಗೆ ಬರುವುದೇ ಇಲ್ಲ. ನೀವು ವಿಡಿಯೊ ಮೀಟಿಂಗ್‌ನಲ್ಲಿರುವಾಗ ಮಗ 50 ಜಿಬಿ ಕಾಪಿ ಹಾಕಿದರೂ ನಿಮಗೆ ಗೊತ್ತಾಗುವುದಿಲ್ಲ. ಪಿಂಗ್ ಬಗ್ಗೆಯೂ ಅವನಿಗೆ ಭಯ ಬೇಡ. ಗಿಗಾಬಿಟ್ ಸ್ವಿಚ್ ದೊಡ್ಡದೊಂದು ಫ್ರೇಮನ್ನು (ಡೇಟಾದ ಒಂದು ಕಂತು) ಪೂರ್ತಿ ತಗೊಂಡು ಮುಂದಕ್ಕೆ ಬಿಡಲು 12 ಮೈಕ್ರೊಸೆಕೆಂಡಿನಷ್ಟು ಹಿಡಿಯುತ್ತದೆ. ಗೇಮ್‌ನಲ್ಲಿ ಕಾಣುವ ಪಿಂಗ್ ಮಿಲಿಸೆಕೆಂಡಿನಲ್ಲಿ, ಅಂದರೆ ಅದಕ್ಕಿಂತ ಸಾವಿರ ಪಟ್ಟು ದೊಡ್ಡ ಅಳತೆಯಲ್ಲಿ.

ಇನ್ನು ಡಬ್ಬಿ ಮೇಲಿನ ಬರಹ. 'ಸ್ವಿಚಿಂಗ್ ಕೆಪಾಸಿಟಿ 16 ಜಿಬಿಪಿಎಸ್' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಎಂಟು ಪೋರ್ಟ್, ಪ್ರತಿಯೊಂದರಲ್ಲೂ ಹೋಗುವುದಕ್ಕೆ ಒಂದು ಜಿಬಿಪಿಎಸ್, ಬರುವುದಕ್ಕೆ ಒಂದು. ಅಷ್ಟೇ ಲೆಕ್ಕ. 8 ಪೋರ್ಟಿನ ಗಿಗಾಬಿಟ್ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಇದೇ ಸಂಖ್ಯೆ. ಮ್ಯಾಕ್ ಟೇಬಲ್ ಕೆಲವು ಸಾವಿರ ಅಂತ ಇರುತ್ತದೆ, ಮನೆಯಲ್ಲಿ ಐವತ್ತು ಸಾಧನ ಇದ್ದರೆ ಜಾಸ್ತಿ. ಜಂಬೊ ಫ್ರೇಮ್ ಗೊಡವೆಗೆ ಹೋಗಲೇಬೇಡಿ. ನಾನು ನೋಡುವುದು ಬೇರೆಯೇ. ಮೈ ಲೋಹದ್ದಾ? ಬಿಸಿ ಚೆನ್ನಾಗಿ ಹೊರಗೆ ಹೋಗುತ್ತದೆ. ಜೊತೆಗೆ ಕೇಬಲ್ ಭಾರಕ್ಕೆ ಹಗುರದ ಪ್ಲಾಸ್ಟಿಕ್ ಡಬ್ಬಿ ಮೇಜಿನಿಂದ ಜಾರಿ ನೇತಾಡುವ ಹಾಗೆ ಇದು ಆಡುವುದಿಲ್ಲ. ಫ್ಯಾನ್ ಇಲ್ಲ ತಾನೆ? ತಳದಲ್ಲಿ ಮೊಳೆಗೆ ತೂಗುಹಾಕುವ ರಂಧ್ರ ಇದೆಯಾ? ದೀಪಗಳು ಕಾಣುವ ಕಡೆ ಇವೆಯಾ? ಟಿಎಲ್-ಎಸ್‌ಜಿ108, ಜಿಎಸ್308, ಡಿಜಿಎಸ್-108, ಈ ಮೂರೂ ಲೋಹದ ಮೈಯವು, ಮೂರೂ ಅನ್‌ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಇಲ್ಲದ ಸಾದಾ ಸ್ವಿಚ್. ಯಾವುದು ಸಿಕ್ಕರೂ ಕಣ್ಣು ಮುಚ್ಚಿ ತನ್ನಿ.

ಉಳಿಸಿದ ತಲೆಯನ್ನು ಕೇಬಲ್ಲಿಗೆ ಖರ್ಚು ಮಾಡಿ. ಕ್ಯಾಟ್ 5ಇ ಸಾಕು, 100 ಮೀಟರ್ ತನಕ ಗಿಗಾಬಿಟ್ ಒಯ್ಯುತ್ತದೆ. ಸಿಸಿಎ ಅಂತ ಬರೆದಿದ್ದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ. ಅದು ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ.

ವಿಲ್ಯಾನ್‌ಪ್ರೇಮಿ:

ಗುರುಗಳೇ, ಒಂದು ತಕರಾರು. ಇಷ್ಟೆಲ್ಲ ಮಾಡುವವರು ಸ್ವಲ್ಪ ಮುಂದೆ ಹೋಗಿ ಟಿಎಲ್-ಎಸ್‌ಜಿ108ಇ ಥರದ, ಸೆಟ್ಟಿಂಗ್ ಇರುವ ಸ್ಮಾರ್ಟ್ ಸ್ವಿಚ್ ಯಾಕೆ ತಗೋಬಾರದು? ಆಫೀಸ್ ಲ್ಯಾಪ್‌ಟಾಪನ್ನು ಒಂದು ವಿಲ್ಯಾನ್‌ಗೆ (ಅದೇ ಸ್ವಿಚ್ಚಿನೊಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್), ಗೇಮಿಂಗ್ ಪಿಸಿಯನ್ನು ಇನ್ನೊಂದಕ್ಕೆ ಹಾಕಬಹುದು. ಮುಂದೆ ಕ್ಯಾಮೆರಾ ಬಂದರೆ ಅದನ್ನೂ ಬೇರೆ ಇಡಬಹುದು. ಯಾವ ಪೋರ್ಟಿನಲ್ಲಿ ಎಷ್ಟು ಪ್ಯಾಕೆಟ್ ಹೋಯಿತು ಅಂತ ಬ್ರೌಸರ್‌ನಲ್ಲಿ ಕಾಣುತ್ತದೆ. ಕೇಬಲ್ ಪರೀಕ್ಷೆಯೂ ಇದೆ. ಐಪಿಟಿವಿ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಬರುವ ಟಿವಿ ಚಾನೆಲ್) ಇರುವ ಮನೆಯಲ್ಲಂತೂ ಐಜಿಎಂಪಿ ಸ್ನೂಪಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಒಂದು ಟಿವಿಯ ಚಾನೆಲ್ ಎಲ್ಲಾ ಪೋರ್ಟಿಗೂ ಸುರಿಯುತ್ತದೆ.

ಎಂಟುತಂತಿ:

ಐಪಿಟಿವಿ ವಿಷಯ ಒಪ್ಪಿದೆ. ಕೇಬಲ್ ಪರೀಕ್ಷೆಯೂ ಒಳ್ಳೆಯದೇ. ಆದರೆ ವಿಲ್ಯಾನ್? ಸ್ವಿಚ್ ಬೇರೆ ಬೇರೆ ಮಾಡಿಕೊಡುತ್ತದೆ ಸರಿ, ಬೇರೆ ಮಾಡಿದ ಮೇಲೆ ಎರಡೂ ಕಡೆಗೆ ಐಪಿ ಕೊಡುವವರು ಯಾರು, ಇಂಟರ್ನೆಟ್ಟಿಗೆ ದಾರಿ ಬಿಡುವವರು ಯಾರು? ರೌಟರ್‌ಗೂ ವಿಲ್ಯಾನ್ ಅರ್ಥವಾಗಬೇಕು. ಇಂಟರ್ನೆಟ್ ಕಂಪನಿಯವರು ಕೊಟ್ಟು ಹೋದ ಎಷ್ಟೋ ರೌಟರ್‌ಗಳಲ್ಲಿ ಲ್ಯಾನ್ ಕಡೆಗೆ ಆ ಸೌಲಭ್ಯವೇ ಇರುವುದಿಲ್ಲ. ಅಲ್ಲದೆ ಇವರಿಗೆ ಲ್ಯಾಪ್‌ಟಾಪ್, ಪಿಸಿ ಎರಡರಿಂದಲೂ ನಾಸ್ ತೆರೆಯಬೇಕು. ಬೇರೆ ಮಾಡಿ ಮತ್ತೆ ಸೇರಿಸುವ ಕೆಲಸ.

ಇನ್ನೊಂದು ಮಾತು. ಸ್ಮಾರ್ಟ್ ಸ್ವಿಚ್ಚಿಗೆ ಪಾಸ್‌ವರ್ಡ್ ಇರುತ್ತದೆ, ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಇರುತ್ತದೆ, ಅದನ್ನು ಅಪ್‌ಡೇಟ್ ಮಾಡುವವರು ಬೇಕು. ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿ ಸೆಟ್ಟಿಂಗ್ ಎಲ್ಲ ಕಳೆದುಕೊಂಡವರ ಮನೆಗಳಿಗೆ ನಾನು ಹೋಗುತ್ತಲೇ ಇರುತ್ತೇನೆ. ಸಾದಾ ಸ್ವಿಚ್ಚಿನಲ್ಲಿ ಕೆಡಿಸಲು ಸೆಟ್ಟಿಂಗೇ ಇಲ್ಲ. ನಿಮಗೆ ಆಸಕ್ತಿ ಇದೆ, ನೀವು ತಗೊಳ್ಳಿ. ಇವರಿಗೆ ಯಾಕೆ?

ಸದಾಪ್ರಶ್ನೆ:

ನಡುವೆ ಬಾಯಿ ಹಾಕುತ್ತಿದ್ದೇನೆ. 2.5ಜಿ (2.5 ಗಿಗಾಬಿಟ್) ಸ್ವಿಚ್ ತಗೊಂಡರೆ ಮುಂದಕ್ಕೂ ಆಗುತ್ತಲ್ವಾ? ಮತ್ತೆ ಪಿಒಇ ಅಂದರೆ ಏನು, ಬೇಕಾ?

ಎಂಟುತಂತಿ:

2.5ಜಿ ಆಗುತ್ತದೆ, ಎರಡೂ ತುದಿಯಲ್ಲಿ 2.5 ಪೋರ್ಟ್ ಇದ್ದರೆ. ಆ ಮಾನಕ ಬಂದದ್ದು 2016ರಲ್ಲಿ. ಹಳೇ 5ಇ ಕೇಬಲ್ ಮೇಲೇ ಓಡಲಿ ಅಂತಲೇ ಮಾಡಿದ್ದು. ನಾಸ್ ಹಿಂದೆ 1 ಜಿ ಪೋರ್ಟ್ ಇದ್ದರೆ ಸ್ವಿಚ್ ಎಷ್ಟರದ್ದಾದರೂ 1 ಜಿಯೇ. ಮೊದಲು ನಾಸ್ ಮತ್ತು ಪಿಸಿಯ ಪೋರ್ಟ್ ಯಾವುದು ಅಂತ ನೋಡಿ, ಆಮೇಲೆ ಆಸೆ ಪಡಿ.

ಪಿಒಇ ಅಂದರೆ ಅದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಕರೆಂಟನ್ನೂ ಕಳಿಸುವುದು. ಕ್ಯಾಮೆರಾ, ಸೀಲಿಂಗಿನ ಆಕ್ಸೆಸ್ ಪಾಯಿಂಟ್ ಇಂಥವಕ್ಕೆ. 802.3ಎಎಫ್ ಅನ್ನುವ ಮಾನಕದ ಪ್ರಕಾರ ಪೋರ್ಟಿಗೆ 15.4 ವ್ಯಾಟ್, 802.3ಎಟಿ ಪ್ರಕಾರ 30 ವ್ಯಾಟ್. ಪೋರ್ಟ್ ಲೆಕ್ಕದ ಜೊತೆಗೆ ಸ್ವಿಚ್ಚಿನ ಒಟ್ಟು ವ್ಯಾಟ್ ಎಷ್ಟು ಅಂತಲೂ ನೋಡಬೇಕು. ಇವರ ಆಕ್ಸೆಸ್ ಪಾಯಿಂಟ್ ರೌಟರ್‌ಗೆ ಸೇರಿ ಈಗಾಗಲೇ ಓಡುತ್ತಿದೆ, ಓದುವ ಕೋಣೆಯಲ್ಲಿ ಪಿಒಇ ಕೇಳುವ ಸಾಧನ ಒಂದೂ ಇಲ್ಲ. ಬೇಡ.

ಕಪ್ಪುಡಬ್ಬಿ:

ಮೇಲಿನವರು ಎಲ್ಲ ಹೇಳಿದ್ದಾರೆ. ನನ್ನದು ಎರಡೇ ಎಚ್ಚರಿಕೆ.

ಒಂದು, ಲೂಪ್. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ದಿನ ಇಡೀ ನೆಟ್‌ವರ್ಕ್ ಸತ್ತು ಹೋಯಿತು. ವೈಫೈ ಸಿಗ್ನಲ್ ಪೂರ್ತಿ ತೋರಿಸುತ್ತದೆ, ಒಂದು ಪೇಜೂ ತೆರೆಯುವುದಿಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳವೂ ಆಯಿತು. ನಾನು ಹೋಗಿ ನೋಡಿದರೆ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ, ಒಂದೇ ಲಯದಲ್ಲಿ ಹುಚ್ಚಾಪಟ್ಟೆ ಮಿಣುಕುತ್ತಿವೆ. ಅಲ್ಲಿ ಗುಡಿಸಿ ಒರೆಸುವಾಗ ಯಾರೋ ನೇತಾಡುತ್ತಿದ್ದ ಕೇಬಲ್ ತುದಿ ನೋಡಿ, ಬಿಚ್ಚಿಕೊಂಡಿದೆ ಪಾಪ ಅಂತ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದಾರೆ. ಆ ಕೇಬಲ್ಲಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲೇ ಇತ್ತು! ಎಲ್ಲರಿಗೂ ಅಂತ ಕಳಿಸಿದ ಬ್ರಾಡ್‌ಕಾಸ್ಟ್ ಫ್ರೇಮ್ ಆ ಸುತ್ತಿನಲ್ಲಿ ಸಿಕ್ಕಿಕೊಂಡರೆ ತಿರುಗುತ್ತಲೇ ಇರುತ್ತದೆ. ಇಷ್ಟು ಸುತ್ತಾದ ಮೇಲೆ ಸಾಯಬೇಕು ಅನ್ನುವ ಎಣಿಕೆ ಈಥರ್ನೆಟ್ ಫ್ರೇಮಿನಲ್ಲಿ ಇಲ್ಲ. ದೊಡ್ಡ ಸ್ವಿಚ್ಚುಗಳಲ್ಲಿ ಇದನ್ನು ತಡೆಯಲು ಸ್ಪ್ಯಾನಿಂಗ್ ಟ್ರೀ ಇರುತ್ತದೆ. ಸಾದಾ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಲೂಪ್ ತಡೆ ಅಂತ ಕೊಡುತ್ತಾರೆ. ಹೀಗಾದರೆ ಒಂದೊಂದೇ ಕೇಬಲ್ ಎಳೆಯುತ್ತಾ ಹೋಗಿ, ದೀಪಗಳು ಶಾಂತವಾದ ಕಡೆ ಕಳ್ಳ ಸಿಕ್ಕ.

ಎರಡು, ಅಡಾಪ್ಟರ್. ಬಹಳ ರೌಟರ್‌ಗಳದ್ದು 12 ವೋಲ್ಟ್. ಸಣ್ಣ ಸ್ವಿಚ್ಚುಗಳು ಕೆಲವು 5 ವೋಲ್ಟ್, ಕೆಲವು 9, ಕೆಲವು 12. ಪಿನ್ ಮಾತ್ರ ಎಷ್ಟೋ ಸಲ ಒಂದೇ ಅಳತೆ, ಆರಾಮಾಗಿ ಒಳಗೆ ಹೋಗುತ್ತದೆ. ತಂದ ದಿನವೇ ಅಡಾಪ್ಟರ್ ಮೇಲೆ 'ಸ್ವಿಚ್' ಅಂತ ಪಟ್ಟಿ ಅಂಟಿಸಿಬಿಡಿ.

ಮಹಡಿಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 8 ಪೋರ್ಟಿನ ಲೋಹದ್ದೇ ತಂದೆವು, ಜಿ ಅಕ್ಷರ ನೋಡಿಯೇ. ನಾಸ್ ಪೋರ್ಟ್ 1 ಜಿ ಮಾತ್ರ, ಹಾಗಾಗಿ 2.5ರ ಯೋಚನೆ ಬಿಟ್ಟೆವು. ಸಿಕ್ಕಿಸಿದ ತಕ್ಷಣ ಎಲ್ಲ ಓಡಿತು, ಏನೂ ಸೆಟ್ ಮಾಡಲಿಲ್ಲ. ನಾಸ್‌ಗೆ ಕಾಪಿ 108 ಎಂಬಿ ತೋರಿಸುತ್ತಿದೆ. ಮಗನ ಪಿಂಗ್ ಕೂಡ ನಿಂತಲ್ಲಿ ನಿಂತಿದೆ.

ಒಂದೇ ಅನುಮಾನ. ಬೇರೆ ಎಲ್ಲಾ ಪೋರ್ಟಿನ ದೀಪ ಹಸಿರು. ಗೋಡೆ ಕೇಬಲ್ ಸಿಕ್ಕಿಸಿದ ಪೋರ್ಟ್ ಮಾತ್ರ ಕಿತ್ತಳೆ. ಜೊತೆಗೆ ಬಂದ ಚೀಟಿ ನೋಡಿದರೆ ಕಿತ್ತಳೆ ಅಂದರೆ 10/100 ಅಂತಿದೆ. ರೌಟರ್ ಪೋರ್ಟ್ ಗಿಗಾಬಿಟ್ಟೇ. ಇಂಟರ್ನೆಟ್ ಹೇಗೂ 100 ಅಲ್ವಾ, ಸುಮ್ನೆ ಬಿಟ್ಟುಬಿಡಲಾ?

ಎಂಟುತಂತಿ:

ಬಿಡಬೇಡಿ. ಹಾಲ್‌ನಿಂದ ವೈಫೈ ಮೇಲೆ ನಾಸ್‌ನ ವಿಡಿಯೊ ನೋಡುವವರೆಲ್ಲ ಅದೇ ಕೇಬಲ್ಲಿನಲ್ಲಿ ಬರಬೇಕು. ನಾಳೆ ಪ್ಲಾನ್ ಜಾಸ್ತಿ ಮಾಡಿಸಿದರೂ ಓದುವ ಕೋಣೆಗೆ ಅದು ಮುಟ್ಟುವುದಿಲ್ಲ.

ಇದು ಸ್ವಿಚ್ಚಿನ ತಪ್ಪಲ್ಲ, ಗೋಡೆಯೊಳಗಿನದು. ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100ಕ್ಕೆ ಎರಡೇ ಜೋಡಿ ಸಾಕು: 1, 2, 3, 6ನೇ ಪಿನ್‌ಗಳು, ಅಂದರೆ ಕಿತ್ತಳೆ ಮತ್ತು ಹಸಿರು ಜೋಡಿ. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿ ಜೋಡಿ 4 ಮತ್ತು 5ರಲ್ಲಿ, ಕಂದು ಜೋಡಿ 7 ಮತ್ತು 8ರಲ್ಲಿ. ಇವೆರಡರಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲದಿದ್ದರೂ ಗಿಗಾಬಿಟ್ ಪ್ರಯತ್ನಿಸಿ ಸೋತು 100ಕ್ಕೆ ಇಳಿಯುತ್ತದೆ. ಇಷ್ಟು ದಿನ ನಿಮ್ಮ ಪ್ಲಾನೂ 100, ಕೇಬಲ್ಲೂ 100, ಯಾರಿಗೂ ಗೊತ್ತಾಗಲಿಲ್ಲ. ವಿಲ್ಯಾನ್‌ಪ್ರೇಮಿಯವರ ಸ್ವಿಚ್ ಆಗಿದ್ದರೆ ಕೇಬಲ್ ಪರೀಕ್ಷೆಯಲ್ಲೇ ದೋಷ ಕಾಣುತ್ತಿತ್ತೇನೋ, ಅಷ್ಟರಮಟ್ಟಿಗೆ ಅವರಿಗೆ ಒಂದು ಅಂಕ.

ಮೊದಲು ಗೋಡೆ ಸಾಕೆಟ್ಟಿನಿಂದ ಸ್ವಿಚ್ಚಿಗೆ ಬರುವ ಗಿಡ್ಡ ಪ್ಯಾಚ್ ಕೇಬಲ್ ಬದಲಿಸಿ ನೋಡಿ. ಆಮೇಲೆ ರೌಟರ್ ಕಡೆಯದು. ದೀಪ ಹಸಿರಾಗದಿದ್ದರೆ ಓದುವ ಕೋಣೆಯ ಸಾಕೆಟ್ ಫಲಕ ಬಿಚ್ಚಿ. ಒಳಗೆ ಎಂಟು ಸೀಳುಗಳಲ್ಲಿ ಎಂಟು ತಂತಿ ಒತ್ತಿ ಕೂರಿಸಿರುತ್ತಾರೆ. ಟಾರ್ಚ್ ಹಾಕಿ ಪಕ್ಕದಿಂದ ನೋಡಿ, ಎಂಟೂ ಒಂದೇ ಆಳದಲ್ಲಿ ಇರಬೇಕು. ಯಾವುದಾದರೂ ಮೇಲೆ ಎದ್ದಿದ್ದರೆ ಪಂಚಿಂಗ್ ಟೂಲ್‌ನಿಂದ ಒತ್ತಬೇಕು. ಸ್ಕ್ರೂಡ್ರೈವರ್ ಹಾಕಿದರೆ ಒಳಗಿನ ಸೀಳು ಅಗಲವಾಗಿ ಹಿಡಿತ ಹೋಗುತ್ತದೆ. ಹೊಸದಾಗಿ ಕೂರಿಸುವುದಾದರೆ ಜೋಡಿಯ ಹುರಿಯನ್ನು 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬೇಡಿ. ಬಣ್ಣದ ಕ್ರಮ ಸಾಕೆಟ್ ಮೇಲೇ ಎ, ಬಿ ಅಂತ ಎರಡು ಬಗೆಯಲ್ಲಿ ಬರೆದಿರುತ್ತದೆ. ರೌಟರ್ ಕಡೆ ಯಾವುದಿದೆಯೋ ಇಲ್ಲೂ ಅದೇ.

ಮಹಡಿಮನೆ:

ಪ್ಯಾಚ್ ಕೇಬಲ್ ಎರಡೂ ಬದಲಿಸಿದೆ, ಕಿತ್ತಳೆಯೇ. ಕೊನೆಗೆ ಫಲಕ ಬಿಚ್ಚಿದ್ದು ನಮ್ಮ ಯಜಮಾನರು, ಇನ್ನೊಂದು ಡಬ್ಬಿ ಯಾಕೆ ಅಂದವರೇ. ಬಿಳಿ-ನೀಲಿ ತಂತಿ ಸೀಳಿನ ಮೇಲೆ ಸುಮ್ಮನೆ ಕೂತಿತ್ತು, ಒಳಗೆ ಇಳಿದೇ ಇರಲಿಲ್ಲ. ಕಂದು ಜೋಡಿಯ ಹುರಿ ಬೆರಳುದ್ದ ಬಿಚ್ಚಿ ಬಿಟ್ಟಿದ್ದರು. ಪಕ್ಕದ ಮನೆಯವರ ಹತ್ತಿರ ಪಂಚಿಂಗ್ ಟೂಲ್ ಸಿಕ್ಕಿತು. ಎಂಟೂ ತಂತಿ ಹೊಸದಾಗಿ ಕತ್ತರಿಸಿ, ರೌಟರ್ ಕಡೆ ಇದ್ದ ಬಿ ಕ್ರಮದಲ್ಲೇ ಕೂರಿಸಿದರು. ಈಗ ದೀಪ ಹಸಿರು.

ಈಗ ಅವರೇ ಮಹಡಿಯ ಸಾಕೆಟ್ಟನ್ನೂ ಬಿಚ್ಚಿ ನೋಡೋಣ ಅಂತ ಏಣಿ ಹುಡುಕುತ್ತಿದ್ದಾರೆ. ಆ ಆಕ್ಸೆಸ್ ಪಾಯಿಂಟ್ ಗಿಗಾಬಿಟ್‌ನಲ್ಲಿದೆಯಾ ಅಂತ ಬಿಚ್ಚದೇ ತಿಳಿಯುವುದು ಹೇಗೆ?

ಎಂಟುತಂತಿ:

ಏಣಿ ಇಳಿಸಲು ಹೇಳಿ. ರೌಟರ್‌ನ ಲಾಗಿನ್ ಪುಟದಲ್ಲಿ ಲ್ಯಾನ್ ಸ್ಥಿತಿ ಅಂತ ಇದ್ದರೆ ಪ್ರತಿ ಪೋರ್ಟಿನ ವೇಗ ಅಲ್ಲೇ ಕಾಣುತ್ತದೆ. ಇಲ್ಲದಿದ್ದರೆ ಮಹಡಿ ಸಾಕೆಟ್ಟಿಗೆ ನಿಮ್ಮ ಲ್ಯಾಪ್‌ಟಾಪ್ ಸಿಕ್ಕಿಸಿ, ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಒಳಗೆ ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ ಅಂತ ಇರುತ್ತದೆ. 1000/1000 ಇದ್ದರೆ ಫಲಕ ಮುಟ್ಟಬೇಡಿ.